ಮಂಡಿಪೇಟೆಯ ಕಾಟಾ

ಹತ್ತು ಗಂಟೆತನಕ ಜೋಳ, ಕಡ್ಲೆ, ಮೆಕ್ಕೆಜೋಳ.
ಆಮೇಲೆ ಬರ್ತಾವೆ ಗಾಲಿ ಇರೋ ಪೆಟ್ಟಿಗೆಗಳು
ಚೌಕಿಪೇಟೆ ಕಡೆಯಿಂದ ಗಡಗಡ ಸದ್ದು ಮಾಡ್ತಾ.
‘ಹಾಲೇಶಪ್ಪ, ಒಂದೀಟು ತೂಗಿಕೊಡು.
ಹದಿನೈದರ ಮೇಲೆ ಗುಲಗಂಜಿಯಷ್ಟು ಹೋದ್ರೂ
ಅಲ್ಲಿ ರೊಕ್ಕ ಕೇಳ್ತಾರಂತೆ.’

ಹಳೇ ಕಾಟಾ. ಪಟ್ಟಿ ಮೇಲಿನ ಅಂಕಿ ಸವೆದಾವೆ.
ಗುಂಡು ಸರಿಸಿ ಓದಕ್ಕೆ ಬರೋದು ನನಗೊಬ್ಬನಿಗೇ.

ದಾವಣಗೆರೆಯಲ್ಲಿ ವಿಮಾನ ಇಳಿಯಲ್ಲ.
ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ಸು ಹತ್ತಿ
ಆಮೇಲೆ ಆಕಾಶ ಹತ್ತಬೇಕು.
ಆದ್ರೂ ಅದರ ಸುದ್ದಿ ಮೊದಲು ಇಳಿಯೋದು
ನನ್ನ ಕಬ್ಬಿಣದ ಹಲಗೆ ಮೇಲೆ.
ಹೋಗೋವಾಗ ಪೆಟ್ಟಿಗೆ ಇಟ್ಟವರು
ಬಂದ್ಮೇಲೆ ಮಾತು ಇಳಿಸಿ ಹೋಗ್ತಾರೆ.
ಅದಕ್ಕೆ ತೂಕದ ಚಾರ್ಜಿಲ್ಲ.

ಉಮ್ರಾದಿಂದ ಬಂದ ಸೈಕಲ್ ಶಾಪಿನ ದಾದಾಪೀರ್:
‘ಒಳ್ಳೇ ಕಂಪನಿ ಭಾಯ್, ಝಂಝಂ ನೀರಿನ ಕ್ಯಾನು
ತೂಕಕ್ಕೆ ಹಿಡೀಲಿಲ್ಲ. ಅಮ್ಮೀನ ಗಾಲಿಕುರ್ಚಿಲಿ
ಬಾಗಿಲತನಕ ತಳ್ಳಿಕೊಂಡು ಹೋದ್ರು.
ಅನ್ನ ಮಾತ್ರ ದುಶ್ಮನ್‌ಗೂ ಬೇಡ.’

ಡ್ರಿಲ್ ಮೇಷ್ಟ್ರು ಓಂಕಾರಪ್ಪ ಐದು ಗಂಟೆ ಕಾದು ಬಂದವರು:
‘ಕ್ಷಮೆ ಕೇಳಿದ್ರು ಕಣಯ್ಯಾ, ಎರಡು ಭಾಷೇಲಿ.
ಎರಡರಲ್ಲೂ ನಮ್ದು ಇರಲಿಲ್ಲ.
ಬಸ್ಸು ಪಂಚರ್ ಆದ್ರೆ ಕಂಡಕ್ಟರ್ ಇಳಿದು
ಇದೇ ನೋಡ್ರಿ ಟೈರು ಅಂತ ಒದ್ದು ತೋರಿಸ್ತಾನೆ.
ಅಲ್ಲಿ ಯಾರನ್ನ ಕೇಳೋದು, ಗಾಜನ್ನ?’

ಟೈಲರ್ ನಾಗವೇಣಿಗೆ ಕಿಟಕಿ ಸಿಗಲಿಲ್ಲ, ನಡೂ ಸೀಟು.
ಇಬ್ಬರ ಮೊಣಕೈ ನಡುವೆ ದಿಲ್ಲಿ ಮುಟ್ಟಿದಳು.
ಅದಲ್ಲ ಅವಳ ಸಿಟ್ಟು. ಕೈಚೀಲದಲ್ಲಿದ್ದ
ಕಾಜಾ ಕತ್ತರಿಸೋ ಪುಟ್ಟ ಕತ್ತರಿ ಕಿತ್ಕೊಂಡರಂತೆ.
‘ಆ ಬುಟ್ಟೀಲಿ ಎಷ್ಟು ಕತ್ತರಿ ಬಿದ್ದಿದ್ವು ಗೊತ್ತಾ ಅಣ್ಣ?
ಎಲ್ಲಾ ಹೆಂಗಸ್ರವೇ.’

ಬಟ್ಟೆ ಅಂಗಡಿ ಚನ್ನಮಲ್ಲಪ್ಪಂದು ಬೇರೆ ತಕರಾರು,
ತನ್ನ ಹೊಟ್ಟೆ ತಾನೇ ತಟ್ಟಿಕೊಂಡು:
‘ನೂರಾ ಹತ್ತು ಕಿಲೋ ಇದು ಪುಕ್ಕಟೆ ಹಾರ್ತದೆ,
ಮಾವಿನ ಉಪ್ಪಿನಕಾಯಿಗೆ ದಂಡ!
ಇದ್ಯಾವ ಊರಿನ ತಕ್ಕಡಿ ಹಾಲೇಶ?’

ಏನೂ ಹೇಳದವಳು ಆಸ್ಪತ್ರೆ ಆಯಾ ಗಂಗಮಾಳವ್ವ.
ಕಾಶಿ ಟೂರು ಮುಗಿಸಿ ಬಂದಳು, ಚೀಟಿ ಪ್ರಸಾದ ಕೊಟ್ಟಳು.
ವಿಮಾನ ಹೆಂಗಿತ್ತವ್ವ?
‘ಚಲೋ ಇತ್ತಪ್ಪ.’
ಮೂರನೇ ವಾರ ರಾಗಿ ಒಯ್ಯಕ್ಕೆ ಬಂದಾಗ
ಚೀಲದ ಬಾಯಿ ಕಟ್ಟುತ್ತಾ ಅಂದಳು:
‘ನೀನು ಹದಿನೈದು ಅಂದಿದ್ದೆ.
ಅಲ್ಲಿ ನಾನೂರು ಗ್ರಾಂ ಜಾಸ್ತಿ ತೋರಿಸ್ತು.
ಲೈನಲ್ಲಿ ನಿಂತ ಅಷ್ಟೂ ಜನರ ಮುಂದೆ
ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದೆ ಕಣಪ್ಪ.
ಒಳಲಂಗ, ಮಾತ್ರೆ, ರೊಟ್ಟಿ ಗಂಟು, ಎಲ್ಲಾ.
ಆ ನೆಲ ಎಷ್ಟು ನುಣುಪು ಅಂತೀಯ,
ಎಲ್ಲಾ ಎರಡೆರಡು ಕಾಣ್ತಿತ್ತು.’

ಬೈಯಲಿಲ್ಲ. ರಾಗಿ ಹೊತ್ತು ಹೋದಳು.
ಆ ರಾತ್ರಿ ಕಾಟಾ ಬಿಚ್ಚಿ ಎಣ್ಣೆ ಹಾಕಿದೆ,
ಅಧಿಕಾರಿ ಬಂದು ಹೊಸ ಸೀಲು ಹೊಡೆದ.
ಕಾಳಿಗೆ ಈಗ ಕಾಳಿನಷ್ಟೇ ಸರಿ.

ಪೆಟ್ಟಿಗೆಗೆ ಮಾತ್ರ
ಬಾಯಲ್ಲಿ ಅರ್ಧ ಕಿಲೋ ಸೇರಿಸ್ತೀನಿ.
ಅವರು ಮುಖ ಸಿಂಡರಿಸಿ ಇಲ್ಲೇ ಬಿಚ್ಚುತ್ತಾರೆ,
ಮೂಟೆಗಳ ಮರೆಯಲ್ಲಿ, ಗುಬ್ಬಿಗಳ ಮುಂದೆ.
ಗುರೆಳ್ಳು ಚಟ್ನಿಪುಡಿ ಒಂದು ಡಬ್ಬಿ,
ಎರಡನೇ ಶಾಲು, ಯಾರಿಗೋ ಒಯ್ದ ಸ್ಟೀಲ್ ಲೋಟ
ನನ್ನ ಗಲ್ಲಾದ ಹಿಂದಿನ ಹಲಗೆ ಏರ್ತವೆ.

ವಾಪಸ್ ಬಂದವರು ಈಗ ವಿಮಾನ ಬಿಟ್ಟು ನನ್ನನ್ನೇ ಬೈತಾರೆ:
‘ನಿನ್ನ ಕಾಟಾ ಸುಳ್ಳು ಹಾಲೇಶಪ್ಪ.
ಅಲ್ಲಿ ಹದಿನಾಲ್ಕೂವರೆನೇ ಬಂತು,
ಚಟ್ನಿಪುಡಿ ಒಯ್ಯಬಹುದಿತ್ತು.’

ಹೌದ್ರೀ, ಹಳೇದಾತು, ಅಂತೀನಿ.
ಡಬ್ಬಿ ಇಳಿಸಿ ಕೊಡ್ತೀನಿ.
ಸ್ವಲ್ಪ ಕಡಿಮೆ ಆಗಿರ್ತದೆ,
ಮಧ್ಯಾಹ್ನದ ರೊಟ್ಟಿಗೆ.